ಮೂರ್ತಿಯ ಬೆನ್ನ ಹಿಂದೆಯೂ ಹೋಗಿ ನೋಡಿ: ನಮ್ಮೂರ ಪ್ರತಿಮೆ, ಸ್ಮಾರಕಗಳನ್ನು ಆನ್‌ಲೈನ್‌ನಲ್ಲಿ ದಾಖಲಿಸುವ ಬಗೆ

ಅಂಕೋಲೆಯಲ್ಲಿ ನನ್ನದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿ ಸಾಲದ ಅರ್ಜಿ ಇವುಗಳ ನಡುವೆ ಆಗಾಗ ಕಲ್ಲುಫಲಕದ ಮ್ಯಾಟರೂ ಬರುತ್ತದೆ. ಗ್ರಾನೈಟ್ ಮೇಲೆ ಅಕ್ಷರ ಕೊರೆಯುವವರಿಗೆ ಸ್ಟಿಕ್ಕರ್ ಕತ್ತರಿಸಲು ಫೈಲ್ ಬೇಕು, ಅದನ್ನು ಜೋಡಿಸಿ ಕೊಡುವವಳು ನಾನು. ಹಾಗಾಗಿ ಯಾವ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ, ಯಾವುದು ಕೊನೆಯ ಸಾಲಿಗೆ ಇಳಿಯುತ್ತದೆ, ಜಾಗ ಸಾಲದಿದ್ದರೆ ಮೊದಲು ಯಾರನ್ನು ತೆಗೆಯುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಮೊದಲು ಹೋಗುವುದು ಮೂರ್ತಿ ಮಾಡಿದವರ ಹೆಸರು. ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ, ಘನ ಉಪಸ್ಥಿತಿಯವರ ಹೆಸರು ಎಂದೂ ಹೋಗುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಪ್ರತಿಮೆ, ಸ್ಮಾರಕಸ್ತಂಭ, ಹುತಾತ್ಮರ ಕಲ್ಲು, ವೀರಗಲ್ಲುಗಳನ್ನು ವಿಕಿಮೀಡಿಯ ಕಾಮನ್ಸ್ ಎಂಬ ಮುಕ್ತ ಚಿತ್ರಸಂಗ್ರಹ, ವಿಕಿಡೇಟಾ ಎಂಬ ಮಾಹಿತಿಕೋಶ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗಳಲ್ಲಿ ಸೇರಿಸುವ ಕೆಲಸವನ್ನು ನಾವು ಒಂದಿಷ್ಟು ಜನ ಸೇರಿ ಮಾಡುತ್ತಿದ್ದೇವೆ. ಕುಮಟೆಯ ಕಡೆಯ ನಿವೃತ್ತ ಮಾಸ್ತರ್ರು, ಶಿರಸಿಯ ಒಬ್ಬಳು ಕಾಲೇಜು ಹುಡುಗಿ, ಊರು ಹೊನ್ನಾವರವಾದರೂ ಪುಣೆಯಲ್ಲಿ ನೌಕರಿ ಮಾಡುವ ಒಬ್ಬ ತಮ್ಮ, ಹೀಗೆ. ಎಲ್ಲರೂ ಒಂದೇ ಕಡೆ ಕೂತದ್ದು ಕಡಿಮೆ, ಕೆಲಸವೆಲ್ಲ ಫೋನು ಮತ್ತು ಕಂಪ್ಯೂಟರಿನಲ್ಲಿ. ನಿಮ್ಮ ತಾಲೂಕಿನಲ್ಲಿ ಇದನ್ನು ಶುರುಮಾಡುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಫೋಟೋ ತೆಗೆಯುವುದು ಈ ಕೆಲಸದ ಸುಲಭದ ಭಾಗ. ಮುರ್ಡೇಶ್ವರದ ಶಿವನ ಎದುರಿನಿಂದ ತೆಗೆದ ಇನ್ನೊಂದು ಫೋಟೋ ಯಾರಿಗೂ ಬೇಕಾಗಿಲ್ಲ, ಅದು ಲೋಕದ ತುಂಬ ಇದೆ. ಆ ಮೂರ್ತಿ 123 ಅಡಿ ಎತ್ತರ, ಅದನ್ನು ಮಾಡಿದ್ದು ಶಿವಮೊಗ್ಗದ ಶಿಲ್ಪಿ ಕಾಶಿನಾಥ್ ಮತ್ತು ಸಂಗಡಿಗರು, ಹಣ ಹಾಕಿದ್ದು ಉದ್ಯಮಿ ಆರ್.ಎನ್. ಶೆಟ್ಟರು ಎಂಬ ಮಾಹಿತಿ ಚಿತ್ರದ ಜೊತೆಗಿದ್ದರೆ ಮಾತ್ರ ಅದು ದಾಖಲೆ. ನಿಮ್ಮೂರ ಸರ್ಕಲ್‌ನಲ್ಲಿರುವ ಸಣ್ಣ ಗಾಂಧಿಯನ್ನು ಯಾರು ಮಾಡಿದರೆಂದು ಹೇಳುವವರು ಇದ್ದರೆ ಇನ್ನು ಹತ್ತು ವರ್ಷ ಇದ್ದಾರು. ಶ್ರಮ ಹಾಕಬೇಕಾದದ್ದು ಅಲ್ಲಿ.

ಮೊದಲು ಪಟ್ಟಿ, ಆಮೇಲೆ ಕ್ಯಾಮೆರಾ

ಹುಮ್ಮಸ್ಸಿನಲ್ಲಿ ಬೈಕ್ ಹತ್ತಿ ಹೊರಡಬೇಡಿ. ಒಂದು ಗೂಗಲ್ ಶೀಟ್ ಮಾಡಿ, ಎಲ್ಲರಿಗೂ ತಿದ್ದುವ ಅವಕಾಶ ಕೊಡಿ. ನಮ್ಮ ಜಿಲ್ಲೆಗೆ ಹನ್ನೆರಡು ತಾಲೂಕು, ಒಂದೊಂದಕ್ಕೆ ಒಂದೊಂದು ಹಾಳೆ. ಪ್ರತಿ ಸ್ಮಾರಕಕ್ಕೂ ಒಂದು ಗುರುತಿನ ಸಂಖ್ಯೆ ಇರಲಿ: ಅಂಕೋ-07, ಶಿರ-12 ಅಂತ. ‘ಬಸ್ ಸ್ಟ್ಯಾಂಡ್ ಹತ್ತಿರದ ಅಂಬೇಡ್ಕರ್’ ಎಂದು ವಾಟ್ಸಾಪ್‌ನಲ್ಲಿ ಬರೆದರೆ ಯಾವ ಊರಿನ ಬಸ್ ಸ್ಟ್ಯಾಂಡ್ ಎಂದು ಕೇಳುವುದರಲ್ಲೇ ಸಂಜೆ ಮುಗಿಯುತ್ತದೆ. ಶೀಟಿನಲ್ಲಿ ಬೇಕಾದ ಕಾಲಂಗಳು ಹೆಚ್ಚಿಲ್ಲ. ಯಾರ ಅಥವಾ ಯಾವ ಘಟನೆಯ ಸ್ಮಾರಕ, ನಿಖರ ಜಾಗ, ಯಾವುದರಿಂದ ಮಾಡಿದ್ದು, ಶಿಲ್ಪಿ, ನಿಲ್ಲಿಸಿದವರು, ಅನಾವರಣದ ದಿನ, ಫಲಕದ ಪೂರ್ತಿ ಪಠ್ಯ, ಈ ಮಾಹಿತಿ ಎಲ್ಲಿಂದ ಸಿಕ್ಕಿತು, ಯಾರು ತಾಳೆ ನೋಡಿದರು. ಕೊನೆಯ ಎರಡು ಕಾಲಂ ಖಾಲಿ ಬಿಟ್ಟ ಸಾಲನ್ನು ನಾವು ಮುಂದಕ್ಕೆ ದಾಟಿಸುವುದಿಲ್ಲ.

ಪಟ್ಟಿಗೆ ಏನೇನು ಬರಬೇಕು? ಎಲ್ಲರ ಕಣ್ಣಿಗೆ ಬೀಳುವ ಮೂರ್ತಿಗಳನ್ನು ಹತ್ತು ನಿಮಿಷದಲ್ಲಿ ಬರೆದು ಮುಗಿಸಬಹುದು. ಕಣ್ಣಿಗೆ ಬೀಳದವು ಬೇರೆ ಇವೆ. ಸ್ವಾತಂತ್ರ್ಯದ 25ನೇ ವರ್ಷದ ಸಮಯದಲ್ಲಿ, ಅಂದರೆ 1972ರ ಸುಮಾರಿಗೆ, ದೇಶದ ಬ್ಲಾಕ್ ಬ್ಲಾಕ್‌ಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು. ತಾಲೂಕು ಪಂಚಾಯ್ತಿ, ತಹಶೀಲ್ದಾರ ಕಚೇರಿಗಳ ಅಂಗಳದಲ್ಲಿ, ಕ್ರೋಟನ್ ಗಿಡಗಳ ಹಿಂದೆ ಹುಡುಕಿ ನೋಡಿ. 2023ರ ಆಗಸ್ಟ್‌ನಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದಡಿ ಗ್ರಾಮ ಪಂಚಾಯ್ತಿಗಳು ಹೊಸ ಶಿಲಾಫಲಕಗಳನ್ನು ನಿಲ್ಲಿಸಿದವು, ಎಷ್ಟೋ ಕಡೆ ಕೆರೆ ದಂಡೆಯ ಮೇಲೆ. ಇವೆರಡನ್ನೂ ಒಟ್ಟಿಗಿಟ್ಟು ಹೆಸರು ತಾಳೆ ನೋಡಿದರೆ ಯಾರು ಸೇರಿದರು, ಯಾರು ಬಿಟ್ಟುಹೋದರು ಎಂಬುದು ಗೊತ್ತಾಗುತ್ತದೆ. ನಮ್ಮ ಅಂಕೋಲೆಯಂಥ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಇಲ್ಲಿ ಉಪ್ಪಿನ ಕಾಯ್ದೆ ಮುರಿದರು, ಆಮೇಲೆ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಜಮೀನು ಕಳೆದುಕೊಂಡರು. ಅಂಥವರ ಮೊಮ್ಮಕ್ಕಳು ಈಗಲೂ ಪೆನ್ಶನ್ ಕಾಗದ, ಹಳೆಯ ಸರ್ಟಿಫಿಕೇಟ್ ಹಿಡಿದುಕೊಂಡು ಝೆರಾಕ್ಸ್‌ಗೆ ಬರುತ್ತಾರೆ.

ಇನ್ನು ವೀರಗಲ್ಲು, ಮಾಸ್ತಿಗಲ್ಲು (ಸತಿ ಹೋದವಳ ನೆನಪಿನ ಕಲ್ಲು), ನಿಷಿಧಿ ಕಲ್ಲು (ವ್ರತ ಹಿಡಿದು ದೇಹ ಬಿಟ್ಟ ಜೈನರ ನೆನಪಿನ ಕಲ್ಲು), ಹಳೆ ಮೈಲಿಗಲ್ಲು, ಸೇತುವೆಯ ಮೇಲಿನ ಫಲಕ, ರಸ್ತೆಬದಿಯ ಶಿಲುಬೆ. ಸೇತುವೆಯ ಫಲಕವೂ ಬೇಕೇ ಎಂದು ಕೇಳುವವರಿಗೆ ಕಾರವಾರದ ಕಾಳಿ ನದಿ ತೋರಿಸುತ್ತೇನೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಅಲ್ಲಿಯ ಹಳೆಯ ಸೇತುವೆ ನೀರಿಗೆ ಬಿತ್ತು. ಬಿದ್ದ ಸೇತುವೆಯ ಫೋಟೋ ಎಲ್ಲರ ಮೊಬೈಲಿನಲ್ಲಿದೆ, ನಿಂತಿದ್ದಾಗಿನ ಫಲಕದ ಫೋಟೋ ಇರುವವರನ್ನು ನೀವೇ ಹುಡುಕಿ ನೋಡಿ.

ಜಾಗದಲ್ಲಿ

ಮಳೆಗಾಲದಲ್ಲಿ ಈ ಕೆಲಸಕ್ಕೆ ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಕಲ್ಲೆಲ್ಲ ಪಾಚಿ, ಕೆಲವು ಮೂರ್ತಿಗೆ ತಾಡಪಾಲು. ದೀಪಾವಳಿ ಕಳೆದ ಮೇಲೆ ಒಳ್ಳೆಯದು. ಗಾಂಧಿ ಜಯಂತಿ, ಅಂಬೇಡ್ಕರ್ ಜಯಂತಿಯ ದಿನ ಮೂರ್ತಿ ಚಂದ ಕಾಣುತ್ತದೆ, ಆದರೆ ಹಾರದ ರಾಶಿಯಲ್ಲಿ ಎದೆ, ಕೈ, ಫಲಕ ಯಾವುದೂ ಸಿಗುವುದಿಲ್ಲ. ಹಾರ ಹಾಕಿದ ಒಂದು ಫೋಟೋ ಬೇಕು, ಅದು ಊರು ಆ ಮೂರ್ತಿಯನ್ನು ಹೇಗೆ ಇಟ್ಟುಕೊಂಡಿದೆ ಎಂದು ತೋರಿಸುತ್ತದೆ. ದಾಖಲೆಗೆ ಮಾತ್ರ ಬೇರೆ ದಿನ ಹೋಗಿ. ಹಬ್ಬಕ್ಕೆ ಮುಂಚೆ ಬಣ್ಣ ಬಳಿಯುವ ಪದ್ಧತಿ ಇದ್ದರೆ ಅದಕ್ಕಿಂತ ಮುಂಚೆ ಹೋಗಿ, ಬಂಗಾರದ ಬಣ್ಣದ ಅಡಿಯಲ್ಲಿ ಸಹಿ, ಇಸವಿ ಎಲ್ಲ ಮುಚ್ಚಿಹೋಗುತ್ತದೆ. ಚುನಾವಣೆ ನೀತಿಸಂಹಿತೆ ಜಾರಿಯಲ್ಲಿದ್ದಾಗ ಫಲಕಕ್ಕೆ ಕಾಗದ ಅಂಟಿಸಿರುತ್ತಾರೆ, ಆಗ ಹೋಗಿ ಪ್ರಯೋಜನವಿಲ್ಲ, ಕಾಗದ ಕಿತ್ತು ನೋಡಲಂತೂ ಹೋಗಬೇಡಿ.

ಬೆಳಕಿನ ಲೆಕ್ಕ ಸುಲಭ. ಪೂರ್ವಕ್ಕೆ ಮುಖ ಮಾಡಿದ ಮೂರ್ತಿಗೆ ಬೆಳಿಗ್ಗೆ, ಕಡಲ ಕಡೆ ಮುಖ ಮಾಡಿದ್ದಕ್ಕೆ ಸಂಜೆ. ಪೀಠದ ಬುಡದಲ್ಲಿ ನಿಂತು ಮೇಲಕ್ಕೆ ಮೊಬೈಲ್ ಎತ್ತಿದರೆ ಮಹಾನುಭಾವರ ಮೂಗಿನ ಹೊಳ್ಳೆ ಮಾತ್ರ ಬರುತ್ತದೆ. ದೂರ ಹೋಗಿ, ಎರಡು ಪಟ್ಟು ಝೂಮ್ ಮಾಡಿ, ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ ತೆಗೆಯಿರಿ. ಎದುರು, ಎರಡು ಪಕ್ಕ, ಬೆನ್ನು. ಆಮೇಲೆ ದೂರದಿಂದ ಒಂದು, ಸುತ್ತಲಿನ ಅಂಗಡಿ, ರಸ್ತೆ, ಮರ ಕಾಣುವಂತೆ. ಮುಂದೆ ರಸ್ತೆ ಅಗಲವಾಗಿ ಮೂರ್ತಿಯನ್ನು ಬೇರೆಡೆಗೆ ಎತ್ತಿಟ್ಟಾಗ ಬೆಲೆ ಬರುವುದು ಈ ದೂರದ ಫೋಟೋಗೇ. ಹೆದ್ದಾರಿ 66ರ ಚತುಷ್ಪಥ ಕೆಲಸ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಬೆನ್ನ ಹಿಂದಿನ ಮಾತು. ಶಿಲ್ಪಿಗಳು ತಮ್ಮ ಹೆಸರನ್ನು ಫಲಕದಲ್ಲಿ ಹಾಕಿಸಿಕೊಳ್ಳಲಾಗದಿದ್ದರೂ ಮೂರ್ತಿಯಲ್ಲಿ ಎಲ್ಲೋ ಒಂದು ಕಡೆ ಗೀಚಿಟ್ಟಿರುತ್ತಾರೆ. ಹುಡುಕಬೇಕಾದ ಜಾಗ ಇವು: ಪಾದದ ಹಿಂದಿನ ತಳಹಲಗೆ, ಧೋತರದ ಅಥವಾ ಕೋಟಿನ ಹಿಂಭಾಗದ ಕೆಳ ಅಂಚು, ಎದೆಮಟ್ಟದ ಮೂರ್ತಿಯಾದರೆ ಎಡಭುಜದ ಹಿಂದೆ ಕತ್ತರಿಸಿದಂತಿರುವ ಬದಿ. ಸಹಿಯ ಜೊತೆಗೆ ಇಸವಿ, ಕೆಲವೊಮ್ಮೆ ಎರಕ ಹೊಯ್ದ ಊರು. ಮೊಬೈಲಿನ ಟಾರ್ಚನ್ನು ಎದುರಿನಿಂದ ಬಿಡದೆ ಮೇಲ್ಮೈಗೆ ತಾಗಿದಂತೆ ಓರೆಯಾಗಿ ಹಿಡಿದರೆ ಬಣ್ಣದಡಿಯ ಅಕ್ಷರವೂ ನೆರಳಾಗಿ ಏಳುತ್ತದೆ. ಹಗಲಿನಲ್ಲಾದರೆ ಸಣ್ಣ ಕನ್ನಡಿಯಿಂದ ಬಿಸಿಲನ್ನು ಓರೆಗೆ ತಿರುಗಿಸಿ.

ಕಂಚೋ, ಸಿಮೆಂಟೋ, ಫೈಬರೋ? ಬಣ್ಣ ನೋಡಿ ಹೇಳಬೇಡಿ, ಮೂರಕ್ಕೂ ಅದೇ ಕಂಚಿನ ಬಣ್ಣ ಹಚ್ಚುತ್ತಾರೆ. ಕಡಲಗಾಳಿಗೆ ಕಂಚು ಮಡಿಕೆಗಳಲ್ಲಿ ಹಸಿರು ಕಟ್ಟುತ್ತದೆ. ಸಿಮೆಂಟ್ ಬಿರುಕು ಬಿಟ್ಟು, ಒಳಗಿನ ಕಬ್ಬಿಣದ ಸರಳಿನ ತುಕ್ಕು ಕೆಂಪಗೆ ಇಳಿದಿರುತ್ತದೆ. ಫೈಬರ್ ಆದರೆ ಪಕ್ಕದಲ್ಲಿ ಅಚ್ಚು ಕೂಡಿದ ಗೆರೆ ಕಾಣುತ್ತದೆ, ಬಣ್ಣ ಎದ್ದ ಕಡೆ ಬಿಳಿ ನಾರು. ಬಡಿದು ನೋಡುವ ಚಪಲ ಬೇಡ. ನಾಲ್ಕು ಜನ ಕೈಮುಗಿಯುವ ಮೂರ್ತಿಯನ್ನು ಗೆಣ್ಣಿನಿಂದ ಕುಟ್ಟಿದರೆ ದಾಖಲೆಯ ಮಾತು ಅಲ್ಲಿಗೇ ಮುಗಿಯಿತು. ಕಟ್ಟೆ ಹತ್ತಬೇಕಾದರೆ ಕೇಳಿ ಹತ್ತಿ, ಚಪ್ಪಲಿ ಕೆಳಗೆ ಬಿಡಿ.

ಜನ ಕೇಳಿಯೇ ಕೇಳುತ್ತಾರೆ. “ಎಂತಕ್ಕೆ ಫೋಟೋ ಹೊಡೀತ್ರಿ ಅಕ್ಕೋರೆ? ರಸ್ತೆ ಸರ್ವೆ ಬಂತಾ?” ಅಗಲೀಕರಣದಲ್ಲಿ ಅಂಗಡಿ ಹೋದ ಊರಿನಲ್ಲಿ ಈ ಪ್ರಶ್ನೆಗೆ ಸಿಟ್ಟಿನ ಧಾಟಿಯೂ ಇರುತ್ತದೆ. ಮೊಬೈಲ್ ತಿರುಗಿಸಿ ಆಗಲೇ ಸೇರಿಸಿದ ಬೇರೆ ಊರಿನ ಮೂರ್ತಿಯ ಪುಟವನ್ನು ತೋರಿಸಿ. ‘ನಮ್ಮದೂ ಹಾಕಿ ಹಾಗಾದ್ರೆ’ ಎನ್ನುತ್ತಾರೆ, ಮತ್ತೆ ನಿಲ್ಲುವುದಿಲ್ಲ. ಮೂರ್ತಿ ತಂದ ಲಾರಿ ಯಾರದು, ಚಂದಾ ಎತ್ತಿದವರು ಯಾರು, ಅನಾವರಣದ ದಿನ ಮಳೆ ಬಂದದ್ದು, ಎಲ್ಲ ಹೊರಬರುತ್ತದೆ. ಕೇಳಿದ್ದನ್ನು ಬರೆದುಕೊಳ್ಳಿ, ಮಾಹಿತಿ ಮೂಲದ ಕಾಲಂನಲ್ಲಿ ‘ಸ್ಥಳೀಯರ ಹೇಳಿಕೆ’ ಎಂದು ಹಾಕಿ. ಹೇಳಿದವರ ಹೆಸರು, ಫೋನ್ ನಂಬರನ್ನು ಎಲ್ಲರಿಗೂ ಕಾಣುವ ಶೀಟಿನಲ್ಲಿ ಹಾಕುವುದು ಬೇಡ.

ಫಲಕವನ್ನು ನಕಲು ಮಾಡುವುದು

ಇದು ನನ್ನ ಕಸುಬು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಫಲಕದ ಮೇಲೆ ಇದ್ದದ್ದನ್ನು ಇದ್ದ ಹಾಗೆಯೇ ಟೈಪ್ ಮಾಡಬೇಕು. ಸಾಲು ಮುರಿದ ಕಡೆ ಒಂದು ಓರೆಗೆರೆ. ಉಜ್ಜಿಹೋದ ಅಕ್ಷರಕ್ಕೆ ಚೌಕ ಕಂಸದಲ್ಲಿ ಚುಕ್ಕಿ, ಊಹೆ ಮಾಡಿ ತುಂಬಿದ್ದಾದರೆ ಅದೂ ಚೌಕ ಕಂಸದಲ್ಲಿ. ಕಾಗುಣಿತ ತಪ್ಪಿದ್ದರೆ ತಪ್ಪೇ ಇರಲಿ, ಪಕ್ಕದಲ್ಲಿ ಟಿಪ್ಪಣಿ ಹಾಕಿ. ‘ಅನಾವರಣ’ಕ್ಕೆ ‘ಅನಾವರ್ಣ’ ಎಂದು ಕೆತ್ತಿದ್ದರೆ ನಿಮ್ಮ ಕೈ ತಾನಾಗಿ ಅದನ್ನು ತಿದ್ದಲು ಹೋಗುತ್ತದೆ, ತಿದ್ದಲು ಬಿಡಬೇಡಿ. ‘ಸನ್ಮಾನ್ಯ’, ‘ಶ್ರೀಮತಿ’, ‘ಕೈ.’ (ಕೈಲಾಸವಾಸಿ), ‘ಉಪಸ್ಥಿತಿ’ ಎಲ್ಲ ಬರಲಿ. ಕಾರವಾರ, ಹಳಿಯಾಳದ ಕಡೆ ಫಲಕ ಮರಾಠಿ ಅಥವಾ ಕೊಂಕಣಿಯಲ್ಲಿ ದೇವನಾಗರಿ ಅಕ್ಷರದಲ್ಲಿದ್ದರೆ ಅದನ್ನು ದೇವನಾಗರಿಯಲ್ಲೇ ಟೈಪ್ ಮಾಡಿ, ಕನ್ನಡದ ಅರ್ಥ ಬೇರೆ ಕಾಲಂಗೆ. ಕಚೇರಿಯವರು ಪ್ರೀತಿಯಿಂದ ಫಲಕದ ಹಳೆ ಫೈಲೇ ಕೊಟ್ಟರೆ ಅದು ಬಹುಶಃ ನುಡಿ ಎಂಬ ಹಳೆ ಫಾಂಟಿನಲ್ಲಿರುತ್ತದೆ, ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ಫೈಲಿನಲ್ಲಿದ್ದದ್ದೇ ಕಲ್ಲಿನಲ್ಲಿದೆ ಎಂದು ಮಾತ್ರ ನಂಬಬೇಡಿ. ಫೈಲ್ ಅಂತಿಮ ಆದ ಮೇಲೂ ಫೋನ್ ಬರುತ್ತದೆ, ಹೆಸರುಗಳು ಮೇಲೆ ಕೆಳಗೆ ಆಗುತ್ತವೆ. ನಾನು ಕಂಡ ಹಾಗೆ ಹೆಚ್ಚಿನ ಬದಲಾವಣೆ ಆಗುವುದು ಅನಾವರಣದ ಹಿಂದಿನ ಸಂಜೆ.

ಫಲಕದ ದಿನಾಂಕ ನೋಡುವಾಗ ಎಚ್ಚರ. ಅದು ಶಂಕುಸ್ಥಾಪನೆಯ ದಿನವೋ, ಅನಾವರಣದ ದಿನವೋ, ಕಟ್ಟೆಗೆ ಟೈಲ್ಸ್ ಹಾಕಿಸಿದ ದಿನವೋ? ಒಂದೇ ಪೀಠದ ಮೇಲೆ ಮೂರೂ ಇರುವುದುಂಟು. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ವರ್ಷದ ಕೊನೆಯ ತಿಂಗಳುಗಳಾದರೆ 79 ಆಗಬಹುದು. ಹಾಗಾಗಿ ಮೂಲದ ಶಕವನ್ನೂ ಬರೆದಿಡಿ.

ಹಳೆಯ ಕಲ್ಲಿನ ಅಕ್ಷರ ಓದಲು ಜನ ಸೀಮೆಸುಣ್ಣ ತಿಕ್ಕುತ್ತಾರೆ, ಎಣ್ಣೆ ಹಚ್ಚುತ್ತಾರೆ, ತಂತಿ ಬ್ರಷ್‌ನಿಂದ ಉಜ್ಜುತ್ತಾರೆ. ಯಾವುದೂ ಕೂಡದು. ಬೇಕಾದರೆ ಬರೀ ನೀರು ಮೆಲ್ಲಗೆ ಸುರಿಯಿರಿ, ಒದ್ದೆಯಾದ ಕಲ್ಲಿನಲ್ಲಿ ಕೊರೆತ ಸ್ಪಷ್ಟವಾಗುತ್ತದೆ. ಓದಲು ಬರದಿದ್ದರೆ ನಾಲ್ಕು ದಿಕ್ಕಿನ ಓರೆ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆದು ಹಳಗನ್ನಡ ಲಿಪಿ ಬಲ್ಲವರಿಗೆ ಕಳಿಸಿ. ಅದಕ್ಕೂ ಮೊದಲು ಅದು ಆಗಲೇ ಪ್ರಕಟವಾಗಿದೆಯೋ ಎಂದು ನೋಡಬೇಕು. ಉತ್ತರ ಕನ್ನಡದವರು ಸೀದಾ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಮಾಲೆ ತೆಗೆದು ‘ನಮ್ಮದು ಇಲ್ಲವಲ್ಲ’ ಎಂದು ಕೈಚೆಲ್ಲುತ್ತಾರೆ. ಆ ಮಾಲೆ ಶುರುವಾದದ್ದು ಮೈಸೂರು ಸಂಸ್ಥಾನದ ಶಾಸನಗಳಿಗೆಂದು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋದದ್ದು, ಹಾಗಾಗಿ ನಮ್ಮ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ ಹುಡುಕಬೇಕು. 1883ರಲ್ಲಿ ಬಂದ ಮುಂಬೈ ಪ್ರಾಂತ್ಯದ ಕೆನರಾ ಗೆಝೆಟಿಯರ್ (ಸರ್ಕಾರ ತಂದ ಜಿಲ್ಲೆಯ ವಿವರಗ್ರಂಥ) ಕೂಡ ಊರೂರಿನ ಗುಡಿ, ಕೋಟೆ, ಕಲ್ಲುಗಳ ಬಗ್ಗೆ ಹೇಳುತ್ತದೆ. ಅದರ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ.

ವೀರಗಲ್ಲಿನಲ್ಲಿ ಅಕ್ಷರವೇ ಇಲ್ಲದಿದ್ದರೂ ಬರೆಯಲು ಬೇಕಾದಷ್ಟಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಎದುರು ಕೈಮುಗಿದು ಕೂತವನು, ತುದಿಯಲ್ಲಿ ಸೂರ್ಯ ಚಂದ್ರ. ಮಾಸ್ತಿಗಲ್ಲಾದರೆ ಬಳೆ ತೊಟ್ಟ ತೋಳು ಎತ್ತಿರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕುದುರೆಯೋ, ದನದ ಹಿಂಡೋ, ಹುಲಿಯೋ, ದೋಣಿಯೋ ಎಂದು ನೋಡಿ ಬರೆದರೆ ಅದೇ ದೊಡ್ಡ ಮಾಹಿತಿ.

ಎಲ್ಲಿ ಏನನ್ನು ಹಾಕುವುದು

ಚಿತ್ರ ಕಾಮನ್ಸ್‌ಗೆ, ಮಾಹಿತಿ ವಿಕಿಡೇಟಾಕ್ಕೆ, ಜಾಗ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ. ಪ್ರತಿ ಮೂರ್ತಿಗೂ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯಲು ಹೋಗಬೇಡಿ, ಎರಡು ಸಾಲಿನ ಲೇಖನ ಅಳಿಸಿ ಹೋಗುತ್ತದೆ, ಬರೆದವರಿಗೆ ಬೇಜಾರು.

ಖಾತೆ ಒಬ್ಬೊಬ್ಬರದು ಒಂದೊಂದು. ಗುಂಪಿನ ಹೆಸರಲ್ಲಿ ಒಂದೇ ಖಾತೆ ತೆರೆದು ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೆ ವಿಕಿಮೀಡಿಯದಲ್ಲಿ ಅವಕಾಶವಿಲ್ಲ. ನಿಜ ಹೆಸರು ಬೇಕೆಂದಿಲ್ಲ. ಕಾಲೇಜಿನಲ್ಲಿ ಶಿಬಿರ ಮಾಡುವುದಿದ್ದರೆ ಮಕ್ಕಳಿಗೆ ಹಿಂದಿನ ದಿನವೇ ಮನೆಯಲ್ಲಿ ಖಾತೆ ತೆರೆಯಲು ಹೇಳಿ. ಒಂದೇ ವೈಫೈಯಿಂದ ದಿನಕ್ಕೆ 6 ಖಾತೆ ತೆರೆದ ಮೇಲೆ ಏಳನೆಯದಕ್ಕೆ ಬಾಗಿಲು ಹಾಕುತ್ತದೆ, ಉಳಿದವರೆಲ್ಲ ಸುಮ್ಮನೆ ಕೂರಬೇಕು.

ಕಾಮನ್ಸ್‌ಗೆ ನೀವೇ ತೆಗೆದ ಫೋಟೋ ಮಾತ್ರ. ವಾಟ್ಸಾಪ್‌ನಲ್ಲಿ ಬಂದದ್ದು, ಪೇಪರಿನಲ್ಲಿ ಬಂದದ್ದು ಬೇಡ. ಗೆಳೆಯರು ತೆಗೆದದ್ದಾದರೆ ಅವರೇ ಏರಿಸಲಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿದ್ದ ದಿನಾಂಕ, ಜಾಗದ ಮಾಹಿತಿಯೂ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ. ಪರವಾನಗಿ ಕೇಳಿದಾಗ ಸಿಸಿ ಬೈ-ಎಸ್‌ಎ 4.0 ಆರಿಸಿ. ನಿಮ್ಮ ಹೆಸರು ಹಾಕಿ, ಇದೇ ಷರತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಬಳಸಬಹುದು ಎಂದು ಇದರ ಅರ್ಥ. ‘ಕ್ಯಾಲೆಂಡರಿನವರು ದುಡ್ಡು ಮಾಡಿಕೊಂಡರೆ?’ ಎಂದು ಸಂಕಟವಾಗುವವರು ಏರಿಸದಿರುವುದೇ ಲೇಸು, ಏರಿಸಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು ಆಗದ ಮಾತು. ಫೈಲಿಗೆ ‘ಐಎಂಜಿ 4471’ ಎಂಬ ಹೆಸರು ಬಿಡದೆ ಯಾರ ಮೂರ್ತಿ, ಯಾವ ಊರು, ಯಾವ ವರ್ಷ ಎಂದು ಬರೆಯಿರಿ.

ಕಾನೂನಿನ ಮಾತು ಒಂದಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಲ್ಲಿಸಿದ ಶಿಲ್ಪದ ಫೋಟೋ ತೆಗೆದು ಪ್ರಕಟಿಸಲು ಅವಕಾಶ ಕೊಟ್ಟಿದೆ. ಶಿಲ್ಪಿ ಬದುಕಿದ್ದರೂ ಅಡ್ಡಿಯಿಲ್ಲ. ಗೋಡೆಯ ಮೇಲೆ ಬಿಡಿಸಿದ ಚಿತ್ರಕ್ಕೆ ಈ ಅವಕಾಶವಿಲ್ಲ. ಹಾಗಾಗಿ ಸರ್ಕಲ್‌ನ ಮೂರ್ತಿ ಕಾಮನ್ಸ್‌ನಲ್ಲಿ ಉಳಿಯುತ್ತದೆ, ಅದರ ಹಿಂದಿನ ಕಾಂಪೌಂಡಿನ ಪೇಂಟಿಂಗನ್ನೇ ಮುಖ್ಯವಾಗಿ ತೆಗೆದ ಫೋಟೋ ಉಳಿಯುವುದಿಲ್ಲ. ಗಣೇಶ ಚತುರ್ಥಿಯ ಮೂರ್ತಿ ಕಾಯಂ ಅಲ್ಲ, ಅದೂ ಬೇಡ. ಬನವಾಸಿಯ ಮಧುಕೇಶ್ವರ, ಭಟ್ಕಳದ ಖೇತಪೈ ನಾರಾಯಣ, ಗೇರುಸೊಪ್ಪೆಯ ಚತುರ್ಮುಖ ಬಸದಿಯಂಥ ಪುರಾತತ್ವ ಇಲಾಖೆಯ ಜಾಗದಲ್ಲಿ ಕೈಯಲ್ಲಿ ಹಿಡಿದು ಹೊರಗಿನಿಂದ ಫೋಟೋ ತೆಗೆಯಬಹುದು, ಟ್ರೈಪಾಡ್ ಊರಲು ಅನುಮತಿ ಬೇಕು. ಪೂಜೆ ನಡೆಯುವ ಕಡೆ ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸಬೇಡಿ. ಕಾರವಾರದ ದಕ್ಷಿಣಕ್ಕೆ ಅರ್ಗಾ ಸುತ್ತಮುತ್ತ ನೌಕಾನೆಲೆ ಇದೆ, ಅಲ್ಲಿ ಬೋರ್ಡೇ ಹಾಕಿದ್ದಾರೆ. ಹೆದ್ದಾರಿಬದಿಯ ಯಾವುದೋ ಕಲ್ಲಿನ ಫೋಟೋಕ್ಕೆ ಹೋಗಿ ಹಿನ್ನೆಲೆಯಲ್ಲಿ ನೆಲೆಯ ಗೇಟು ಬಂದರೆ ವಿಚಾರಣೆ ತಪ್ಪಿದ್ದಲ್ಲ. ಡ್ರೋನಿನ ಯೋಚನೆ ಬಿಟ್ಟುಬಿಡಿ.

ವಿಕಿಡೇಟಾ ತುಂಬುವುದನ್ನು ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಅಲ್ಲೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ. ಚೆಂಡಿಯಾದವರು, 1948ರ ಏಪ್ರಿಲ್‌ನಲ್ಲಿ ನೌಶೇರಾ–ರಜೌರಿ ದಾರಿಯಲ್ಲಿ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟವರು, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರು. ವಿಕಿಡೇಟಾದಲ್ಲಿ ಒಂದೊಂದು ವಿಷಯದ ಪುಟಕ್ಕೆ ಐಟಂ ಎನ್ನುತ್ತಾರೆ. ಇಲ್ಲಿ ಮೂರು ಬೇರೆ ಬೇರೆ ಐಟಂಗಳಿವೆ: ರಾಣೆ ಎಂಬ ವ್ಯಕ್ತಿ, ಪ್ರತಿಮೆ, ನೌಕೆ. ಹೊಸಬರು ಪ್ರತಿಮೆಯ ಫೋಟೋ, ಅನಾವರಣದ ದಿನ ಎಲ್ಲವನ್ನೂ ವ್ಯಕ್ತಿಯ ಐಟಂಗೆ ತುರುಕುತ್ತಾರೆ. 1918 ಎಂಬ ಜನ್ಮವರ್ಷ ವ್ಯಕ್ತಿಗೆ ಸೇರಿದ್ದು. 2006ರ ನವೆಂಬರ್ 7 ಪ್ರತಿಮೆಗೆ ಸೇರಿದ್ದು, ಅಂದು ಅದರ ಅನಾವರಣವಾಯಿತು. ಪ್ರತಿಮೆಯ ಐಟಂನಲ್ಲಿ ‘ಇದು ಏನು’ ಎಂಬಲ್ಲಿ ಪ್ರತಿಮೆ, ‘ಚಿತ್ರಿಸಿರುವುದು’ ಎಂಬ ಪಿ180ರಲ್ಲಿ (ಪಿ ಸಂಖ್ಯೆ ಎಂದರೆ ಆ ಬಗೆಯ ಮಾಹಿತಿಯ ಗುರುತು) ರಾಣೆ, ‘ನಿರ್ದೇಶಾಂಕ’ ಪಿ625, ‘ಸಾಮಗ್ರಿ’ ಪಿ186, ‘ಸೃಷ್ಟಿಸಿದವರು’ ಪಿ170, ‘ಕೆತ್ತಿದ ಬರಹ’ ಪಿ1684, ‘ಚಿತ್ರ’ ಪಿ18. ಶಿಲ್ಪಿಯ ಹೆಸರು ತಿಳಿಯದಿದ್ದರೆ ಆ ಸಾಲು ಖಾಲಿ ಇರಲಿ.

ಚಪಲ್ ನೌಕೆಯ ವಿಷಯದಲ್ಲೂ ಒಂದು ಪಾಠ ಇದೆ. 1971ರ ಯುದ್ಧದಲ್ಲಿ ಹೋರಾಡಿದ ನೌಕೆ ಎಂದು ಎಷ್ಟೋ ಕಡೆ ಓದುತ್ತೀರಿ, ಕಡಲತೀರಕ್ಕೆ ಬಂದವರೂ ಹಾಗೇ ಹೇಳಿಕೊಳ್ಳುತ್ತಾರೆ. ಅದು ನಮ್ಮ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಕರಾಚಿಯ ದಾಳಿಗೆ ಹೋದವು ಅದರ ಹಿಂದಿನ ತಲೆಮಾರಿನ ಕ್ಷಿಪಣಿ ದೋಣಿಗಳು. ‘ಎಲ್ಲರೂ ಹೇಳ್ತ್ರು’ ಎಂಬುದೊಂದನ್ನೇ ನಾವು ಸಾಕಷ್ಟು ಆಧಾರ ಎಂದು ಒಪ್ಪದಿರುವುದು ಇಂಥ ಕಾರಣಕ್ಕೆ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಿಂದು ಇಟ್ಟು ಹಿಸ್ಟಾರಿಕ್ = ಮೆಮೋರಿಯಲ್, ಮೆಮೋರಿಯಲ್ = ಸ್ಟ್ಯಾಚ್ಯೂ ಎಂಬ ಟ್ಯಾಗ್ ಹಾಕಿ. ಎದೆಮಟ್ಟದ್ದಾದರೆ ಬಸ್ಟ್. ಹೆಸರನ್ನು ಕನ್ನಡದಲ್ಲೂ ಬರೆಯಿರಿ, ವಿಕಿಡೇಟಾದ ಕ್ಯೂ ಸಂಖ್ಯೆ (ಆ ಐಟಂನ ಗುರುತು) ಕೊಡಿ. ಜಾಗವನ್ನು ಗೂಗಲ್ ನಕ್ಷೆಯಿಂದ ನಕಲು ಮಾಡುವಂತಿಲ್ಲ, ಪಕ್ಕದಲ್ಲಿ ನಿಂತು ನಿಮ್ಮ ಫೋನಿನ ಜಿಪಿಎಸ್‌ನಿಂದಲೇ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಅಕ್ಷಾಂಶ 14–15ರ ಹಿಂದೆ ಮುಂದೆ, ರೇಖಾಂಶ 74–75. ಶೀಟಿನಲ್ಲಿ 74 ಮೊದಲು ಬಂದಿದ್ದರೆ ಎರಡೂ ಅದಲುಬದಲಾಗಿವೆ, ಹಾಗೇ ಏರಿಸಿದರೆ ನಿಮ್ಮ ಮೂರ್ತಿ ಉತ್ತರಧ್ರುವದ ಕಡೆಯ ಸಮುದ್ರದಲ್ಲಿ ಹೋಗಿ ನಿಲ್ಲುತ್ತದೆ.

ಜಾಗ ಹೇಳಬಾರದ ಕಲ್ಲುಗಳು

ಘಟ್ಟದ ಮೇಲೆ, ಶಿರಸಿ ಸಿದ್ದಾಪುರದ ಸೊಪ್ಪಿನ ಬೆಟ್ಟಗಳಲ್ಲಿ, ಪಾಳುಬಿದ್ದ ಗುಡಿಯ ಸುತ್ತ ಬಿಡಿಬಿಡಿಯಾಗಿ ಬಿದ್ದ ಹಳೆ ಶಿಲ್ಪಗಳ ನಿರ್ದೇಶಾಂಕವನ್ನು ದಯವಿಟ್ಟು ಹಾಕಬೇಡಿ. ಇಬ್ಬರು ಎತ್ತಿ ವ್ಯಾನಿಗೆ ಹಾಕಬಹುದಾದ ಯಾವುದೇ ಕಲ್ಲು ಈ ಲೆಕ್ಕಕ್ಕೆ ಬರುತ್ತದೆ. ನಿಧಿಗಳ್ಳರೂ ನಕ್ಷೆ ನೋಡುತ್ತಾರೆ. ಶಿಲ್ಪ ಕದ್ದು ಮಾರುವವರು ಇನ್ನೂ ಚೆನ್ನಾಗಿ ನೋಡುತ್ತಾರೆ. ಅಂಥದ್ದು ಸಿಕ್ಕರೆ ಎಲ್ಲ ಕಡೆಯಿಂದ ಅಳತೆ ಸಮೇತ ಫೋಟೋ ತೆಗೆದು, ಫೋನಿನ ಲೊಕೇಶನ್ ಆಫ್ ಮಾಡಿ, ತಾಲೂಕಿನ ಹೆಸರು ಮಾತ್ರ ಬರೆಯಿರಿ. ನಿಖರ ಜಾಗವನ್ನು ಪಂಚಾಯ್ತಿಗೂ ರಾಜ್ಯ ಪುರಾತತ್ವ ಇಲಾಖೆಗೂ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಕಳುವಾದರೆ ಅದೇ ಮೂರ್ತಿ ಎಂದು ಗುರುತು ಹಿಡಿಯಲು ಆಸರೆಯಾಗುವುದು ಒಡೆದ ಮೂಲೆ, ಬಿರುಕುಗಳೆಲ್ಲ ಕಾಣುವ ನಿಮ್ಮ ಫೋಟೋ. ಚೌಡಿ, ಜಟಕ, ನಾಗನ ಬನದ ಕಲ್ಲುಗಳಿಗೆ ನಡೆದುಕೊಳ್ಳುವ ಮನೆಯವರನ್ನು ಕೇಳಿ. ಬೇಡ ಎಂದರೆ ಬೇಡ.

ದೂರದಲ್ಲಿರುವವರಿಗೆ ಕೆಲಸ

‘ನಾನು ಬೆಂಗಳೂರಲ್ಲಿದ್ದೇನೆ, ನನ್ನಿಂದ ಏನಾಗುತ್ತದೆ’ ಎನ್ನುವವರೇ ನಮಗೆ ಹೆಚ್ಚು ಬೇಕು. ಜಾಗಕ್ಕೆ ಹೋದವರು ಫಲಕವನ್ನು ಅಲ್ಲೇ ಓದಿ ಬಂದಿರುತ್ತಾರೆ, ಮಸುಕಾದ ಅಕ್ಷರವೂ ಅವರ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಆದ್ದರಿಂದ ಫೋಟೋ ತೆಗೆದವರು ತಾಳೆ ನೋಡುವಂತಿಲ್ಲ ಎಂಬುದು ನಮ್ಮಲ್ಲಿ ಕಡ್ಡಾಯ ನಿಯಮ. ಪುಣೆಯ ಹುಡುಗ ಆಫೀಸಿನಿಂದ ಬಂದ ಮೇಲೆ ಫೋಟೋ ದೊಡ್ಡದು ಮಾಡಿ ಒಂದೊಂದೇ ಅಕ್ಷರ ಓದಿ, ಶೀಟಿನಲ್ಲಿ ಹಸಿರು ಮಾಡುತ್ತಾನೆ. ಸಂಶಯ ಇದ್ದರೆ ಹಳದಿ. ಹಳದಿ ಇದ್ದದ್ದಕ್ಕೆ ಆ ಕಡೆ ಹೋಗುವವರು ಯಾರಾದರೂ ಮತ್ತೊಮ್ಮೆ ನೋಡಿ ಬರಬೇಕು. ಹಳೆ ಪತ್ರಿಕೆ, ಸ್ಮರಣ ಸಂಚಿಕೆ, ನಗರಸಭೆಯ ಠರಾವು ಹುಡುಕುವುದು, ಕನ್ನಡ ಹೆಸರಿಗೆ ಇಂಗ್ಲಿಷ್ ಲೇಬಲ್ ಹಾಕುವುದು, ಒಂದೇ ಮೂರ್ತಿಗೆ ಎರಡು ಐಟಂ ಆಗಿದ್ದರೆ ಕೂಡಿಸುವುದು, ಇವೆಲ್ಲ ಎಲ್ಲಿ ಕೂತಾದರೂ ಮಾಡಬಹುದು.

ಜಗಳ ಬರುತ್ತದೆ. ಮೂರ್ತಿ ನಿಲ್ಲಿಸಿದ್ದು ಯಾವ ಸಂಘ, ಮೊದಲು ಯಾರು ಮುಂದೆ ಬಂದರು ಎಂಬುದಕ್ಕೆ ಎರಡು ಬಣದವರೂ ಫೋನ್ ಮಾಡುತ್ತಾರೆ. ನಾವು ಹೇಳುವುದು ಇಷ್ಟೇ: ಆಮಂತ್ರಣ ಪತ್ರಿಕೆ, ರಶೀದಿ, ಪೇಪರ್ ಕಟಿಂಗ್ ಇದ್ದರೆ ತನ್ನಿ. ವಿಕಿಡೇಟಾದಲ್ಲಿ ಎರಡು ಹೇಳಿಕೆಯನ್ನೂ ತಂತಮ್ಮ ಆಧಾರದ ಜೊತೆ ಅಕ್ಕಪಕ್ಕ ಇಡಲು ಅವಕಾಶವಿದೆ. ಹಾಗೆ ತಂದ ಆಮಂತ್ರಣ ಪತ್ರಿಕೆಗಳಲ್ಲೇ ನಮಗೆ ಶಿಲ್ಪಿಗಳ ಹೆಸರು ಸಿಕ್ಕಿರುವುದು ಹೆಚ್ಚು. ಹಿಂದಿನ ಪುಟದ ಕೊನೆಯಲ್ಲಿ, ‘ಶಾಮಿಯಾನ’, ‘ಧ್ವನಿವರ್ಧಕ’ದವರ ಹೆಸರಿನ ಮೇಲೆ ಒಂದು ಸಾಲು ಇರುತ್ತದೆ, ನೋಡಿ.